ವೈರಸ್ ಒಂದೇ, ಮುಪ್ಪು ಎರಡು: 50 ದಾಟಿದ ಎಚ್‌ಐವಿ ಸೋಂಕಿತರಲ್ಲಿ ಗಂಡು-ಹೆಣ್ಣಿನ ಆರೋಗ್ಯ ಯಾಕೆ ಬೇರೆ ಬೇರೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ಒಂದು ಪ್ರಶ್ನೆಯಿಂದ ಶುರು ಮಾಡೋಣ. ಎಚ್‌ಐವಿ ಅಂದ ಕೂಡಲೇ ನಿಮ್ಮ ತಲೆಗೆ ಯಾರ ಚಿತ್ರ ಬರುತ್ತೆ? ಕಾಲೇಜಿನ ಗೋಡೆ ಮೇಲಿನ ಕೆಂಪು ರಿಬ್ಬನ್ನು, ಡಿಸೆಂಬರ್ 1ರ ಜಾಥಾ, ಹಳೇ ಸಿನಿಮಾದಲ್ಲಿ ಹಾಸಿಗೆ ಹಿಡಿದ ಯುವಕ. ಸಾಮಾನ್ಯವಾಗಿ ಇಷ್ಟೇ. ಬೆಳಗ್ಗೆ ಎದ್ದು ಅಂಗಳ ಗುಡಿಸಿ, ಮೊಮ್ಮಗಳಿಗೆ ಜಡೆ ಹಾಕಿ, ಒಂದು ಮಾತ್ರೆ ನುಂಗಿ ಕೂಲಿಗೆ ಹೋಗೋ 55 ವರ್ಷದ ಅಜ್ಜಿಯ ಚಿತ್ರ ಬರಲ್ಲ.

ಆದರೆ ಇವತ್ತು ಎಚ್‌ಐವಿಯ ಮುಖ ನಿಧಾನಕ್ಕೆ ಅದೇ ಆಗ್ತಾ ಇದೆ. ಜಗತ್ತಿನಲ್ಲಿ ಎಚ್‌ಐವಿಯೊಂದಿಗೆ ಬದುಕ್ತಾ ಇರೋರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ 50 ದಾಟಿದೆ. ಈ ಕಾಯಿಲೆಯ ವಿಷಯದಲ್ಲಿ ವೈದ್ಯರು 'ಹಿರಿಯರು' ಅಂತ ಲೆಕ್ಕ ಹಾಕೋದು 60ರಿಂದ ಅಲ್ಲ, 50ರಿಂದಲೇ. ಯಾಕೆ ಅಂದ್ರೆ, ವಯಸ್ಸಾದಾಗ ಬರುವ ಬಿಪಿ, ಶುಗರ್, ಹೃದಯದ ತೊಂದರೆ, ಮೂಳೆ ಸವೆತ ಇವೆಲ್ಲ ಇವರಲ್ಲಿ ಕೆಲವು ವರ್ಷ ಮೊದಲೇ ಬಾಗಿಲು ತಟ್ಟುತ್ತವೆ.

ಇವತ್ತಿನ ವಿಷಯ ಅಲ್ಲಿಂದ ಒಂದು ಹೆಜ್ಜೆ ಮುಂದಿನದು. ವೈರಸ್ ಒಂದೇ, ಸರ್ಕಾರ ಕೊಡೋ ಮಾತ್ರೆಯೂ ಒಂದೇ. ಆದರೂ ವಯಸ್ಸಾದ ಗಂಡಸಿನ ಪಾಡೇ ಬೇರೆ, ವಯಸ್ಸಾದ ಹೆಂಗಸಿನ ಪಾಡೇ ಬೇರೆ. ಒಂದೇ ಸಾಲಲ್ಲಿ ಹೇಳೋದಾದರೆ: ಗಂಡಸರು ಆಸ್ಪತ್ರೆಗೆ ತಡವಾಗಿ ಬಂದು ಬೇಗ ಹೋಗಿಬಿಡ್ತಾರೆ; ಹೆಂಗಸರು ಹೆಚ್ಚು ವರ್ಷ ಉಳೀತಾರೆ, ಆದರೆ ಆ ವರ್ಷಗಳಲ್ಲಿ ನೋವೂ ಹೆಚ್ಚು, ಒಂಟಿತನವೂ ಹೆಚ್ಚು. ಇದರಲ್ಲಿ ದೇಹದ ಪಾಲೆಷ್ಟು, ಮನೆ ಮತ್ತು ಊರಿನ ಪಾಲೆಷ್ಟು? ಬಿಡಿಸಿ ನೋಡೋಣ.

ಈ ಹಿರಿಯರು ಎಲ್ಲಿಂದ ಬಂದರು?

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಚೆನ್ನೈನಲ್ಲಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಶುರುವಾಗಿದ್ದು 1992ರಲ್ಲಿ. ಆಗ ಪತ್ತೆ ಹಚ್ಚೋಕೆ ಪರೀಕ್ಷೆ ಇತ್ತು, ಬದುಕಿಸೋ ಔಷಧ ಬಡವರ ಕೈಗೆ ಸಿಗುತ್ತಿರಲಿಲ್ಲ.

ತಿರುವು ಬಂದಿದ್ದು 2004ರ ಏಪ್ರಿಲ್ 1ರಂದು. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ ಶುರುವಾಯ್ತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳಿಗೆ ಮೊದಲ ಆದ್ಯತೆ ಸಿಕ್ಕಿತು, ಅದರಲ್ಲಿ ಕರ್ನಾಟಕವೂ ಒಂದು. ಮೊದಮೊದಲು ಎಲ್ಲರಿಗೂ ಮಾತ್ರೆ ಸಿಗುತ್ತಿರಲಿಲ್ಲ. ರಕ್ತದಲ್ಲಿ ಸಿಡಿ4 ಅನ್ನೋ ಕಣಗಳಿರುತ್ತವೆ, ನಮ್ಮ ದೇಹದ ಕಾವಲುಗಾರರು ಅನ್ನಿ. ಅವು 200ಕ್ಕಿಂತ ಕೆಳಗೆ ಇಳಿದಿರಬೇಕಿತ್ತು. ಅಂದ್ರೆ ಕಾಯಿಲೆ ಸಾಕಷ್ಟು ಮುಂದುವರಿದ ಮೇಲೆ ಮಾತ್ರೆ. ಈ ಗೆರೆ ಮೇಲೆ ಮೇಲೆ ಸರಿಯುತ್ತಾ ಬಂದು, 2017ರಲ್ಲಿ 'ಪತ್ತೆಯಾದ ತಕ್ಷಣ ಎಲ್ಲರಿಗೂ ಚಿಕಿತ್ಸೆ' ಅನ್ನೋ ನಿಯಮ ಆಯ್ತು.

ಈಗ ಲೆಕ್ಕ ಹಾಕಿ. 2004ರಲ್ಲಿ 30 ವರ್ಷದವರಾಗಿದ್ದು ಮಾತ್ರೆ ಶುರು ಮಾಡಿದವರು ಇವತ್ತು 50 ದಾಟಿದ್ದಾರೆ. ಬದುಕೋದೇ ಇಲ್ಲ ಅಂತ ಊರು ತೀರ್ಮಾನ ಮಾಡಿದ್ದ ಜನ ಈಗ ಮೊಮ್ಮಕ್ಕಳನ್ನು ಎತ್ತಿ ಆಡಿಸ್ತಾ ಇದ್ದಾರೆ. 2021ರ ನ್ಯಾಕೋ ಅಂದಾಜಿನ ಪ್ರಕಾರ ಕರ್ನಾಟಕದಲ್ಲಿ ಎಚ್‌ಐವಿಯೊಂದಿಗೆ ಬದುಕ್ತಾ ಇರೋರು ಸುಮಾರು 2.7 ಲಕ್ಷ. ಮಹಾರಾಷ್ಟ್ರ, ಆಂಧ್ರ ಬಿಟ್ಟರೆ ನಾವೇ. ದೇಶದಲ್ಲಿ ಈ ಸೋಂಕಿತರಲ್ಲಿ ಹತ್ತಿರಹತ್ತಿರ ಶೇ 44ರಷ್ಟು ಮಂದಿ ಹೆಂಗಸರು.

ಹಿರೇಹಡಗಲಿಯಿಂದ ನೋಡಿದರೆ

ಬೆಂಗಳೂರಿನ ದೊಡ್ಡ ಆಸ್ಪತ್ರೆಯಿಂದ ನೋಡೋ ಎಚ್‌ಐವಿ ಬೇರೆ, ಹಳ್ಳಿಯಿಂದ ನೋಡೋ ಎಚ್‌ಐವಿ ಬೇರೆ. ಹಾಗಾಗಿ ಹೂವಿನಹಡಗಲಿ ತಾಲೂಕಿನ ಹಿರೇಹಡಗಲಿ ಕಡೆ ಹೋಗೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದೂ ತಾಲೂಕು 2021ರಿಂದ ಹೊಸ ವಿಜಯನಗರ ಜಿಲ್ಲೆಯಲ್ಲಿವೆ. ಅದಕ್ಕೂ ಮೊದಲು ಬಳ್ಳಾರಿ ಜಿಲ್ಲೆ. ಹರಪನಹಳ್ಳಿ ಮಾತ್ರ ಕೆಲವು ವರ್ಷ ದಾವಣಗೆರೆಗೆ ಸೇರಿತ್ತು.

ಉತ್ತರ ಕರ್ನಾಟಕ ಮತ್ತು ಬಳ್ಳಾರಿ ಸೀಮೆಯಲ್ಲಿ ಈ ಸೋಂಕು ಹಳ್ಳಿಗಳಲ್ಲೂ ಬೇರು ಬಿಟ್ಟಿತ್ತು. ಕಾರಣಗಳು ಹಲವು. ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗ್ತಾರೆ: ಕಬ್ಬು ಕಡಿಯೋಕೆ, ಕಾಫಿ ಎಸ್ಟೇಟಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲವೊಂದಿತ್ತು. ಇನ್ನು ದೇವದಾಸಿ ಪದ್ಧತಿ. 1982ರಲ್ಲಿ ಕಾನೂನು ತಂದು ನಿಷೇಧಿಸಿದರೂ ಅದು ಒಂದೇ ದಿನಕ್ಕೆ ನಿಲ್ಲಲಿಲ್ಲ. ಬಾಲ್ಯದಲ್ಲೇ ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಆ ಹೆಣ್ಣುಮಕ್ಕಳು ತಾವಾಗಿ ಆರಿಸಿಕೊಂಡ ಬದುಕಲ್ಲ ಅದು. ಅವರಲ್ಲಿ ಎಷ್ಟೋ ಮಂದಿ ಇವತ್ತು 50, 60ರ ವಯಸ್ಸಿನಲ್ಲಿದ್ದಾರೆ.

ಇಂಥ ಊರಿನಲ್ಲಿ ಒಂದು ಮನೆ ಇದೆ ಅಂದ್ಕೊಳ್ಳಿ. ಇದು ಯಾರದೋ ನಿಜವಾದ ಮನೆ ಅಲ್ಲ, ವಿಷಯ ಅರ್ಥ ಆಗಲಿ ಅಂತ ಕಟ್ಟಿದ್ದು. ಗಂಡ, ಹೆಂಡತಿ ಇಬ್ಬರಿಗೂ 2002ರ ಹೊತ್ತಿಗೆ ಸೋಂಕು. ಹೆಂಡತಿಗೆ ಗೊತ್ತಾಗಿದ್ದು ಬಸುರಿ ಇದ್ದಾಗ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ್ದರಿಂದ. ಗಂಡ ಪರೀಕ್ಷೆಗೆ ಹೋಗಲಿಲ್ಲ, 'ನಂಗೇನಾಗೇತಿ' ಅಂದ. ಎರಡು ವರ್ಷ ಕೆಮ್ಮಿದ, ಟಿಬಿ ಅಂತ ಗೊತ್ತಾಯ್ತು, ಸಣ್ಣ ಆದ, ಹೋದ. ಅವನ ಬಾಯಿಗೆ ಗಂಜಿ ಹಾಕಿ, ಮೈ ಒರೆಸಿ ಕಳಿಸಿದ್ದು ಅವಳು. ಆಮೇಲೆ ಅವಳು ಒಬ್ಬಳೇ ಮಾತ್ರೆ ಶುರು ಮಾಡಿ ಇಪ್ಪತ್ತು ವರ್ಷ ಬದುಕಿದಳು.

ಈ ಕಥೆಯಲ್ಲಿ ಇವತ್ತಿನ ಪಾಠ ಪೂರ್ತಿ ಇದೆ. ಒಂದೊಂದಾಗಿ ಬಿಡಿಸೋಣ.

ಗಂಡಸರು: ಬಾಗಿಲೇ ಇಲ್ಲದ ಆಸ್ಪತ್ರೆ

ಹೆಂಗಸರಿಗೆ ಆಸ್ಪತ್ರೆಗೆ ಒಳಹೋಗೋಕೆ ಒಂದು ಬಾಗಿಲಿದೆ: ಬಸಿರು. ತಾಯಿ ಕಾರ್ಡ್ ಮಾಡಿಸುವಾಗ ಎಚ್‌ಐವಿ ಪರೀಕ್ಷೆಯೂ ಆಗುತ್ತೆ. ಮಗುವಿಗೆ ಲಸಿಕೆ ಹಾಕಿಸೋಕೆ ಹೋಗಬೇಕು, ಆಶಾ ಕಾರ್ಯಕರ್ತೆ ಮನೆಗೆ ಬರ್ತಾರೆ. ಗಂಡಸಿಗೆ ಇಂಥ ಯಾವ ಬಾಗಿಲೂ ಇಲ್ಲ. ಜ್ವರ ಬಂದು ನೆಲ ಹಿಡಿಯೋವರೆಗೆ ಅವನು ಆಸ್ಪತ್ರೆ ಕಡೆ ತಲೆ ಹಾಕಲ್ಲ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ವಿಶ್ವಸಂಸ್ಥೆಯ ಏಡ್ಸ್ ವಿಭಾಗವಾದ ಯುಎನ್‌ಏಡ್ಸ್ ಕೊಟ್ಟ 2023ರ ಲೆಕ್ಕ ನೋಡಿ. ಜಗತ್ತಿನಾದ್ಯಂತ ಸೋಂಕಿರುವ ವಯಸ್ಕ ಹೆಂಗಸರಲ್ಲಿ ಶೇ 83 ಮಂದಿಗೆ ಚಿಕಿತ್ಸೆ ಸಿಗ್ತಾ ಇದ್ದರೆ, ಗಂಡಸರಲ್ಲಿ ಅದು ಶೇ 72 ಮಾತ್ರ. ಬಡತನದಲ್ಲಿ, ಅಧಿಕಾರದಲ್ಲಿ, ಓದಿನಲ್ಲಿ ಹೆಂಗಸರೇ ಹಿಂದೆ ಇರೋ ಜಗತ್ತಿನಲ್ಲಿ ಈ ಒಂದು ಲೆಕ್ಕದಲ್ಲಿ ಗಂಡಸರು ಹಿಂದೆ.

ತಡವಾಗಿ ಬಂದರೆ ಏನಾಗುತ್ತೆ? ಸಿಡಿ4 ಆಗಲೇ ಪಾತಾಳಕ್ಕೆ ಇಳಿದಿರುತ್ತೆ. ವಯಸ್ಸಾದವರಲ್ಲಿ ಅದು ಮತ್ತೆ ಮೇಲೇಳೋದು ನಿಧಾನ. 25ರ ಹುಡುಗ ಮಾತ್ರೆ ಶುರು ಮಾಡಿದರೆ ಎದ್ದು ಕೂರೋ ಹಾಗೆ 60ರ ಅಜ್ಜ ಏಳಲ್ಲ. ಅಷ್ಟರಲ್ಲಿ ಟಿಬಿ ಹಿಡಿದಿರುತ್ತೆ. ಎಚ್‌ಐವಿ ಇರೋರ ಸಾವಿಗೆ ದೊಡ್ಡ ಕಾರಣ ಇವತ್ತಿಗೂ ಟಿಬಿಯೇ, ಮತ್ತು ಟಿಬಿ ಗಂಡಸರಲ್ಲೇ ಹೆಚ್ಚು. ಬೀಡಿ, ಕುಡಿತ ಸೇರಿದರೆ ಶ್ವಾಸಕೋಶ, ಲಿವರ್ ಎರಡೂ ಸೋಲುತ್ತವೆ. ಕುಡಿದ ರಾತ್ರಿ ಮಾತ್ರೆ ಮರೆತೇ ಹೋಗುತ್ತೆ.

ಇನ್ನೊಂದು ತೊಡಕು: ವಯಸ್ಸಾದ ಗಂಡಸಿಗೆ ಎಚ್‌ಐವಿ ಇರಬಹುದು ಅಂತ ಯಾರಿಗೂ ಹೊಳೆಯಲ್ಲ. ತೂಕ ಇಳಿದರೆ 'ವಯಸ್ಸಾಯ್ತಲ್ಲ', ಸುಸ್ತಾದರೆ 'ಶುಗರ್ ಇರಬೇಕು', ಮರೆವು ಬಂದರೆ 'ಅರಳು ಮರಳು'. ಡಾಕ್ಟರೂ ಕೇಳೋಕೆ ಮುಜುಗರ ಪಡ್ತಾರೆ, ಮಕ್ಕಳಂತೂ ಕೇಳೋದೇ ಇಲ್ಲ. 60 ವರ್ಷದ ಅಪ್ಪನಿಗೂ ಒಂದು ಖಾಸಗಿ ಬದುಕು ಇದ್ದಿರಬಹುದು ಅನ್ನೋದನ್ನ ನಾವು ಒಪ್ಪಲ್ಲ.

ಗುಳೆ ಹೋಗೋರ ಸಮಸ್ಯೆ ಬೇರೆ. ಮಾತ್ರೆ ಮುಗೀತು, ಊರಿಗೆ ಬರೋಕೆ ಮೇಸ್ತ್ರಿ ಬಿಡಲಿಲ್ಲ, ಒಂದು ತಿಂಗಳು ತಪ್ಪಿತು. ಹೀಗೆ ತಪ್ಪಿ ತಪ್ಪಿ ವೈರಸ್ಸು ಮಾತ್ರೆಗೆ ಜಗ್ಗದ ಹಾಗೆ ಆಗಿಬಿಡುತ್ತೆ. ಇದಕ್ಕೆ ದಾರಿ ಇದೆ. ಆರೋಗ್ಯ ಸ್ಥಿರವಾಗಿದ್ದವರಿಗೆ ಎಆರ್‌ಟಿ ಕೇಂದ್ರದಲ್ಲಿ ಒಮ್ಮೆಗೇ ಒಂದಕ್ಕಿಂತ ಹೆಚ್ಚು ತಿಂಗಳ ಮಾತ್ರೆ ಕೊಡ್ತಾರೆ, ಹೋಗೋ ಊರಿನ ಕೇಂದ್ರಕ್ಕೆ ವರ್ಗಾವಣೆಯನ್ನೂ ಮಾಡಿಕೊಡ್ತಾರೆ. ಹೊರಡೋ ಮುಂಚೆ ಹೋಗಿ ಹೇಳಬೇಕು ಅಷ್ಟೇ.

ಹೆಂಗಸರು: ಮುಟ್ಟು ನಿಂತ ಮೇಲೆ ಶುರುವಾಗೋದು

ಈಗ ಹೆಂಗಸರ ಕಡೆ ಬರೋಣ. ಬೇಗ ಪತ್ತೆಯಾದರು, ಬೇಗ ಮಾತ್ರೆ ಶುರುವಾಯ್ತು, ಬದುಕಿದರು. ಹಾಗಾದರೆ ಅವರು ಗೆದ್ದ ಹಾಗೆ ಅಲ್ವಾ?

ಅಷ್ಟು ಸುಲಭ ಇಲ್ಲ. ಹೆಣ್ಣಿನ ದೇಹದಲ್ಲಿ ಈಸ್ಟ್ರೋಜೆನ್ ಅನ್ನೋ ಹಾರ್ಮೋನ್ ಮೂಳೆಯನ್ನೂ ಹೃದಯವನ್ನೂ ಕಾಯ್ತಾ ಇರುತ್ತೆ. ಮುಟ್ಟು ನಿಲ್ಲೋ ಹೊತ್ತಿಗೆ ಅದು ಕಡಿಮೆಯಾಗುತ್ತೆ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46-47ರ ಸುಮಾರಿಗೇ ಮುಟ್ಟು ನಿಲ್ಲುತ್ತೆ, ಶ್ರೀಮಂತ ದೇಶಗಳ ಹೆಂಗಸರಿಗಿಂತ ನಾಲ್ಕೈದು ವರ್ಷ ಮೊದಲು. ಎಚ್‌ಐವಿ ಇದ್ದವರಲ್ಲಿ ಇನ್ನೂ ಬೇಗ ನಿಲ್ಲಬಹುದು ಅಂತ ಹಲವು ಅಧ್ಯಯನಗಳು ಹೇಳಿವೆ.

ಮೂಳೆಯ ಮೇಲೆ ಮೂರು ಕಡೆಯಿಂದ ಹೊಡೆತ ಬೀಳುತ್ತೆ. ಒಂದು, ಈಸ್ಟ್ರೋಜೆನ್ ಹೋಯ್ತು. ಎರಡು, ವೈರಸ್ ತಾನೇ ಮೂಳೆಯನ್ನು ತೆಳ್ಳಗೆ ಮಾಡುತ್ತೆ. ಮೂರು, ಇವತ್ತು ಸರ್ಕಾರಿ ಕೇಂದ್ರಗಳಲ್ಲಿ ಬಹುಪಾಲು ಜನಕ್ಕೆ ಕೊಡೋ ಒಂದೇ ಮಾತ್ರೆಯಲ್ಲಿ ಮೂರು ಔಷಧಗಳಿವೆ: ಟೆನೋಫೋವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್. ಇದರಲ್ಲಿ ಟೆನೋಫೋವಿರ್ ಜೀವ ಉಳಿಸೋ ಔಷಧ, ಆದರೆ ಮೂಳೆಯ ಗಟ್ಟಿತನವನ್ನು ಸ್ವಲ್ಪ ಕಡಿಮೆ ಮಾಡುತ್ತೆ, ಕಿಡ್ನಿಯ ಮೇಲೂ ಕಣ್ಣಿಡಬೇಕಾಗುತ್ತೆ.

ಇಲ್ಲೊಂದು ಅಪಾಯ ಇದೆ, ಇದನ್ನ ಗಮನ ಇಟ್ಟು ಕೇಳಿ. ಮಲ್ಲಿಗೆ ಬಿಡಿಸೋದು, ಮೆಕ್ಕೆಜೋಳ ಮುರಿಯೋದು, ಕಳೆ ಕೀಳೋದು, ಎಲ್ಲ ಸೊಂಟ ಬಗ್ಗಿಸೋ ಕೆಲಸ. ಸಂಜೆಗೆ ಮೊಣಕಾಲು, ಸೊಂಟ ಹಿಡಿದಿರುತ್ತೆ. ಮೆಡಿಕಲ್ ಶಾಪಿಗೆ ಹೋಗಿ 'ನೋವಿನ ಗುಳಿಗೆ ಕೊಡಪ್ಪ' ಅಂತಾರೆ. ಅಲ್ಲಿ ಕೊಡೋ ಡೈಕ್ಲೋಫಿನ್ಯಾಕ್ ತರದ ಮಾತ್ರೆಗಳೂ ಕಿಡ್ನಿಗೆ ಹೊರೆ. ಟೆನೋಫೋವಿರ್ ತಗೊಳ್ಳೋರು ಇದನ್ನ ದಿನಾ ನುಂಗ್ತಾ ಹೋದರೆ ಎರಡೂ ಸೇರಿ ಕಿಡ್ನಿಗೆ ಪೆಟ್ಟಾಗಬಹುದು. ಮೆಡಿಕಲ್ ಶಾಪಿನವರಿಗೆ ಇವರು ಎಚ್‌ಐವಿ ಮಾತ್ರೆ ತಗೊಳ್ತಾರೆ ಅಂತ ಗೊತ್ತಿಲ್ಲ, ಹೇಳೋಕೆ ಇವರಿಗೆ ಧೈರ್ಯ ಇಲ್ಲ. ಗುಟ್ಟು ಕಾಯೋಕೆ ಹೋಗಿ ಕಿಡ್ನಿ ಕಳ್ಕೊಳ್ಳೋ ಪರಿಸ್ಥಿತಿ. ಇಂಥ ಕಡೆ ಪರಿಹಾರ ಸರಳ: ನೋವು ಹೆಚ್ಚಿದ್ದರೆ ಎಆರ್‌ಟಿ ಕೇಂದ್ರದಲ್ಲೇ ಹೇಳಿ ಔಷಧ ಬರೆಸಿಕೊಳ್ಳೋದು, ಕಿಡ್ನಿಗೆ ಮಾಡೋ ಕ್ರಿಯಾಟಿನಿನ್ ರಕ್ತ ಪರೀಕ್ಷೆ ತಪ್ಪಿಸದೆ ಇರೋದು.

ಎರಡನೆಯದು ಕ್ಯಾನ್ಸರ್. ಎಚ್‌ಐವಿ ಇರೋ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರೋ ಸಾಧ್ಯತೆ ಉಳಿದವರಿಗಿಂತ ಸುಮಾರು ಆರು ಪಟ್ಟು ಹೆಚ್ಚು. ಇದಕ್ಕೆ ಕಾರಣ ಎಚ್‌ಪಿವಿ ಅನ್ನೋ ಇನ್ನೊಂದು ವೈರಸ್. ಆರೋಗ್ಯವಂತರ ದೇಹ ಅದನ್ನ ಸಾಮಾನ್ಯವಾಗಿ ತಾನೇ ಹೊರಹಾಕುತ್ತೆ, ಎಚ್‌ಐವಿ ಇದ್ದರೆ ಅದು ಅಲ್ಲೇ ಬೇರೂರುತ್ತೆ. ಒಳ್ಳೆ ಸುದ್ದಿ ಅಂದ್ರೆ, ಇದು ಕ್ಯಾನ್ಸರ್ ಆಗೋಕೆ ವರ್ಷಗಳು ಬೇಕು, ಮೊದಲೇ ಹಿಡಿದರೆ ತಡೆಯಬಹುದು.

ಆದರೆ ಒಂದು ಸೂಕ್ಷ್ಮ ಇದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಮಾಡೋದು ಅಸಿಟಿಕ್ ಆಮ್ಲ ಹಚ್ಚಿ ಕಣ್ಣಲ್ಲಿ ನೋಡೋ ಪರೀಕ್ಷೆ. ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗ ಒಳಗೆ ಸರಿದುಬಿಡುತ್ತೆ, ಕಣ್ಣಿಗೆ ಸರಿಯಾಗಿ ಕಾಣಲ್ಲ. ಅಂಥವರಿಗೆ ಎಚ್‌ಪಿವಿ ಪರೀಕ್ಷೆ ಉತ್ತಮ. ಅದು ಎಲ್ಲಿ ಆಗುತ್ತೆ ಅಂತ ಎಆರ್‌ಟಿ ಕೇಂದ್ರದಲ್ಲಿ ಕೇಳೋ ಹಕ್ಕು ಅವರಿಗಿದೆ. ಮುಟ್ಟು ನಿಂತು ಒಂದು ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ 'ಉಷ್ಣ ಆಗೇತಿ' ಅಂತ ಮಜ್ಜಿಗೆ ಕುಡಿದು ಸುಮ್ಮನಿರಬಾರದು, ಅದೇ ವಾರ ಡಾಕ್ಟರ್‌ ಹತ್ತಿರ ಹೋಗಬೇಕು.

ಮೂರನೆಯದು ತೂಕ. ಡೊಲುಟೆಗ್ರಾವಿರ್ ಬಂದ ಮೇಲೆ ವೈರಸ್ ಹತೋಟಿಗೆ ಬರೋದು ಚುರುಕಾಯ್ತು. ಜೊತೆಗೆ ತೂಕ ಹೆಚ್ಚೋದೂ ಕಂಡುಬಂತು, ಅದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಅಂತ ಆಫ್ರಿಕಾದಲ್ಲಿ ನಡೆದ ಅಧ್ಯಯನಗಳು ತೋರಿಸಿದವು. ಹಳ್ಳಿಯಲ್ಲಿ ಮೈ ತುಂಬಿಕೊಂಡರೆ 'ಈಗ ಚಲೋ ಕಾಣ್ತಿ' ಅಂತಾರೆ. ಸಣ್ಣ ಆಗಿ ಸತ್ತವರನ್ನ ನೋಡಿದ ಜನಕ್ಕೆ ದಪ್ಪ ಆಗೋದು ಸಮಾಧಾನವೇ. ಆದರೆ ಹೊಟ್ಟೆ ಸುತ್ತ ಬೊಜ್ಜು ಬಂದರೆ ಅದರ ಹಿಂದೆ ಶುಗರ್, ಬಿಪಿ ಇರಬಹುದು ಅನ್ನೋ ಎಚ್ಚರ ಬೇಕು. ಹಾಗಂತ ಮಾತ್ರೆ ಬಿಡೋ ಹಾಗಿಲ್ಲ.

ಹೃದಯ: ಇಬ್ಬರಿಗೂ ಅಪಾಯ, ಲೆಕ್ಕ ಬೇರೆ

ಎಚ್‌ಐವಿ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು ಬರೋ ಅಪಾಯ ಸುಮಾರು ಎರಡು ಪಟ್ಟು. ವೈರಸ್ ಮಾತ್ರೆಗೆ ಮಣಿದು ಮಲಗಿದ್ದರೂ ದೇಹದೊಳಗೆ ಸಣ್ಣ ಬೆಂಕಿ ಬೂದಿ ಮುಚ್ಚಿದ ಕೆಂಡದ ಹಾಗೆ ಉರೀತಾ ಇರುತ್ತೆ. ಅದು ರಕ್ತನಾಳಗಳನ್ನು ಒಳಗಿನಿಂದ ಸವೆಸುತ್ತೆ.

ಒಟ್ಟು ಸಂಖ್ಯೆ ನೋಡಿದರೆ ಹೃದಯಾಘಾತ ಗಂಡಸರಲ್ಲೇ ಹೆಚ್ಚು. ಆದರೆ ಎಚ್‌ಐವಿ ಇಲ್ಲದ ತನ್ನ ಓರಗೆಯವರ ಜೊತೆ ಹೋಲಿಸಿದಾಗ ಅಪಾಯ ಎಷ್ಟು ಪಟ್ಟು ಹೆಚ್ಚಿತು ಅಂತ ನೋಡಿದರೆ, ಆ ಏರಿಕೆ ಹೆಂಗಸರಲ್ಲಿ ಜಾಸ್ತಿ. ಅಂದ್ರೆ ಹೆಣ್ಣಿಗೆ ಪ್ರಕೃತಿ ಕೊಟ್ಟಿದ್ದ ರಕ್ಷಣೆಯನ್ನ ಎಚ್‌ಐವಿ ಕಿತ್ತುಕೊಳ್ಳುತ್ತೆ.

ಈ ಬಗ್ಗೆ ದೊಡ್ಡ ಪ್ರಯೋಗ ಒಂದರ ಫಲಿತಾಂಶ 2023ರಲ್ಲಿ ಬಂತು. ರಿಪ್ರೀವ್ ಅಂತ ಅದರ ಹೆಸರು. ಭಾರತವೂ ಸೇರಿ ಹಲವು ದೇಶಗಳ 7,769 ಜನ, ವಯಸ್ಸು 40ರಿಂದ 75, ಎಲ್ಲರಿಗೂ ಎಚ್‌ಐವಿ. ಅರ್ಧ ಜನಕ್ಕೆ ಪಿಟಾವಾಸ್ಟಾಟಿನ್ ಅನ್ನೋ ಕೊಲೆಸ್ಟ್ರಾಲ್ ಮಾತ್ರೆ ದಿನಾ ಕೊಟ್ಟರು. ಅವರಲ್ಲಿ ಹೃದಯದ ದೊಡ್ಡ ತೊಂದರೆಗಳು ಶೇ 35ರಷ್ಟು ಕಡಿಮೆಯಾದವು. ಭಾಗವಹಿಸಿದವರಲ್ಲಿ ಹೆಂಗಸರು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ಇದ್ದರು. ಇಂಥ ಸಂಶೋಧನೆಗಳಲ್ಲಿ ಹೆಂಗಸರು ಇಷ್ಟು ಸಿಗೋದೇ ಅಪರೂಪ. ಔಷಧಗಳ ಅಡ್ಡ ಪರಿಣಾಮ ಹೆಂಗಸರಲ್ಲಿ ಹೇಗಿರುತ್ತೆ ಅಂತ ತಡವಾಗಿ ಗೊತ್ತಾಗೋದಕ್ಕೆ ಇದೂ ಒಂದು ಕಾರಣ.

ಒಂದು ಮಾತು: ನಿಮ್ಮ ಮನೆಯವರಿಗೆ ಕೊಲೆಸ್ಟ್ರಾಲ್ ಮಾತ್ರೆ ಬೇಕಾ ಅಂತ ತೀರ್ಮಾನ ಮಾಡೋದು ಡಾಕ್ಟರು. ಕೆಲವು ಸ್ಟಾಟಿನ್ ಮಾತ್ರೆಗಳು ಕೆಲವು ಎಚ್‌ಐವಿ ಔಷಧಗಳ ಜೊತೆ ಆಗಿಬರಲ್ಲ. ನೀವಾಗಿ ತಂದುಕೊಡಬೇಡಿ.

ಹಳೇ ಮಾತ್ರೆಗಳ ಗುರುತು

ಮೊದಲ ವರ್ಷಗಳಲ್ಲಿ ಚಿಕಿತ್ಸೆ ಶುರು ಮಾಡಿದವರ ಮೈಮೇಲೆ ಆ ಕಾಲದ ಗುರುತುಗಳಿವೆ. ಆಗ ಸ್ಟಾವುಡಿನ್ ಅನ್ನೋ ಅಗ್ಗದ ಔಷಧ ಬಳಕೆಯಲ್ಲಿತ್ತು. ಜೀವ ಉಳಿಸಿತು, ಆದರೆ ಕೆನ್ನೆಯ ಕೊಬ್ಬು ಕರಗಿಸಿ ಗುಳಿ ಬೀಳಿಸಿತು, ಕೈಕಾಲು ಸೊರಗಿಸಿತು, ಪಾದದ ನರಗಳಿಗೆ ಪೆಟ್ಟು ಕೊಟ್ಟಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಹಂತಹಂತವಾಗಿ ಕೈಬಿಡಿ ಅಂತ ಸಲಹೆ ಕೊಟ್ಟಿತು. ಮಾತ್ರೆ ಬದಲಾದರೂ ಕೆಲವರಿಗೆ ಅಂಗಾಲು ಉರಿ ಇವತ್ತಿಗೂ ಇದೆ.

ಈ ಗುರುತಿಗೂ ಗಂಡು-ಹೆಣ್ಣಿನ ವ್ಯತ್ಯಾಸ ಇದೆ. ಕೆನ್ನೆ ಗುಳಿ ಬಿದ್ದ ಗಂಡಸನ್ನು ನೋಡಿ 'ಬೀಡಿ ಸೇದಿ ಹಿಂಗಾಗ್ಯಾನ' ಅಂತಾರೆ. ಅದೇ ಹೆಂಗಸಾದರೆ ಊರಿನ ಕಣ್ಣು ಬೇರೆ ತರ ಓಡುತ್ತೆ. ಮದುವೆ ಮನೆಗೆ, ಸಂಘದ ಸಭೆಗೆ ಹೋಗೋದನ್ನ ಅವರೇ ಬಿಟ್ಟುಬಿಡ್ತಾರೆ.

ಮನೆ, ಮನಸ್ಸು, ಮಣ್ಣು

ದೇಹದ ಮಾತು ಆಯ್ತು. ಈಗ ಮನೆ.

ವಯಸ್ಸಾದ ಗಂಡಸಿಗೆ ಸಾಮಾನ್ಯವಾಗಿ ನೋಡಿಕೊಳ್ಳೋಕೆ ಹೆಂಡತಿ ಇರ್ತಾಳೆ. ಮಾತ್ರೆ ನೆನಪಿಸೋಳು, ಬಿಸಿ ಊಟ ಕೊಡೋಳು ಅವಳೇ. ವಯಸ್ಸಾದ ಹೆಂಗಸಿಗೆ ಆ ಸೌಲಭ್ಯ ಇಲ್ಲ. ಬಹಳಷ್ಟು ಮಂದಿ ವಿಧವೆಯರು. ದೇವದಾಸಿಯರಾಗಿದ್ದವರಿಗಂತೂ ಗಂಡ ಅನ್ನೋ ಹೆಸರೇ ಇರಲಿಲ್ಲ. ಗಂಡನ ಸಾವಿಗೆ 'ನಿನ್ನಿಂದಲೇ ಬಂತು' ಅಂತ ಹೇಳಿಸಿಕೊಂಡವರಿದ್ದಾರೆ, ಗಂಡನ ಪಾಲಿನ ಹೊಲ ಸಿಗದೆ ತವರಿಗೆ ವಾಪಸ್ ಬಂದವರಿದ್ದಾರೆ.

ಸಾಮಾನ್ಯ ಜನರಲ್ಲೇ ಖಿನ್ನತೆ ಹೆಂಗಸರಲ್ಲಿ ಹೆಚ್ಚು. ಅದರ ಮೇಲೆ ಗುಟ್ಟಿನ ಭಾರ. ಇಪ್ಪತ್ತು ವರ್ಷ ಮಾತ್ರೆ ಡಬ್ಬಿಯನ್ನ ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟು ಬದುಕೋದು ಅಂದ್ರೆ ಏನು ಅಂತ ಯೋಚನೆ ಮಾಡಿ. ಖಿನ್ನತೆ ಬಂದರೆ ಮಾತ್ರೆ ತಪ್ಪುತ್ತೆ, ಮಾತ್ರೆ ತಪ್ಪಿದರೆ ವೈರಸ್ ಏಳುತ್ತೆ. ಮನಸ್ಸಿನ ಆರೋಗ್ಯ ಅನ್ನೋದು ಇಲ್ಲಿ ದೇಹದ ಆರೋಗ್ಯವೇ.

ಹಾಗಾದರೆ ಹೆಂಗಸರ ನೋವು ಬರೀ ನಮ್ಮ ಕಡೆಯ ಮಾತಾ? ಆಫ್ರಿಕಾದಲ್ಲಿ 50 ದಾಟಿದವರ ಬಗ್ಗೆ ನಡೆದ ಅಧ್ಯಯನಗಳಲ್ಲೂ ಇದೇ ಚಿತ್ರ: ನಡೆಯೋದು, ಏಳೋದು, ನಿದ್ದೆ, ನೋವು, ಹೀಗೆ ಒಂದೊಂದಾಗಿ ಕೇಳಿದಾಗ ಹೆಂಗಸರು ಗಂಡಸರಿಗಿಂತ ಹೆಚ್ಚು ತೊಂದರೆ ಹೇಳಿಕೊಳ್ತಾರೆ. ಎಚ್‌ಐವಿ ಇಲ್ಲದ ಮುದುಕಿಯರೂ ಹೀಗೇ ಹೇಳ್ತಾರೆ. ಅಂದ್ರೆ ಇದರಲ್ಲಿ ಒಂದು ಪಾಲು ವೈರಸ್ಸಿನದಲ್ಲ, ಜೀವನಪೂರ್ತಿ ದುಡಿದು ಕೊನೆಯಲ್ಲಿ ಉಂಡ ಹೆಣ್ಣಿನ ಬದುಕಿನದು.

ಅದೇ ಅಧ್ಯಯನಗಳಲ್ಲಿ ಒಂದು ಅಚ್ಚರಿಯೂ ಇದೆ. ದಕ್ಷಿಣ ಆಫ್ರಿಕಾದ ಹಳ್ಳಿಯೊಂದರ ಕಡೆ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಎಚ್‌ಐವಿ ಚಿಕಿತ್ಸೆಯಲ್ಲಿದ್ದ ಹಿರಿಯರ ಆರೋಗ್ಯ, ಸೋಂಕಿಲ್ಲದೆ ಬೇರೆಯವರ ಆರೈಕೆ ಮಾಡ್ತಾ ಇದ್ದ ಹಿರಿಯರಿಗಿಂತ ಚೆನ್ನಾಗಿತ್ತು. ಕಾರಣ ಊಹಿಸೋದು ಕಷ್ಟ ಅಲ್ಲ. ಚಿಕಿತ್ಸೆಯಲ್ಲಿರೋರು ತಪ್ಪದೆ ಆಸ್ಪತ್ರೆಗೆ ಹೋಗ್ತಾರೆ, ಯಾರೋ ಒಬ್ಬರು ಅವರನ್ನ 'ಹೇಗಿದೀರಿ' ಅಂತ ಕೇಳ್ತಾರೆ. ಆರೈಕೆ ಮಾಡೋಳನ್ನ ಯಾರೂ ಕೇಳಲ್ಲ.

ನಮ್ಮಲ್ಲಿ ಆಸ್ಪತ್ರೆಗೆ ಹೋಗೋ ದಾರಿಯಲ್ಲೂ ಒಂದು ಬದಲಾವಣೆ ಆಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಹಿರೇಹಡಗಲಿಯಿಂದ ಹೊಸಪೇಟೆ, ಬಳ್ಳಾರಿ ಕಡೆ ಹೋಗಿ ಬರೋ ಟಿಕೆಟ್ಟಿನ ಚಿಂತೆ ಹೆಂಗಸರಿಗೆ ತಪ್ಪಿತು. ಅವತ್ತಿನ ಕೂಲಿ ಮಾತ್ರ ಇಬ್ಬರಿಗೂ ಹೋಗುತ್ತೆ. 'ಎಲ್ಲಿಗೆ ಹೋಗಿದ್ದಿ' ಅನ್ನೋ ಪ್ರಶ್ನೆ ಹೆಂಗಸಿಗೆ ಮಾತ್ರ ಬರುತ್ತೆ.

ನೀವು ಏನು ಮಾಡಬಹುದು?

ಇಷ್ಟು ಕೇಳಿದ ಮೇಲೆ, 'ನಮಗೇನು ಸಂಬಂಧ' ಅಂತ ಅನ್ನಿಸಬಹುದು. ಸಂಬಂಧ ಇದೆ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರೋದು ನಿಮ್ಮ ಕೈಯಲ್ಲಿ, ರಿಪೋರ್ಟ್ ಓದಿ ಹೇಳೋದು ನೀವು.

ಮೊದಲನೆಯದು, ಬಾಯಿ ಕಾಯೋದು. ಯಾರಿಗೋ ಎಚ್‌ಐವಿ ಇದೆ ಅಂತ ನಿಮಗೆ ಗೊತ್ತಾದರೆ ಅದು ನಿಮ್ಮಲ್ಲೇ ಇರಲಿ. ಎಚ್‌ಐವಿ-ಏಡ್ಸ್ ಕಾಯ್ದೆ 2017ರಲ್ಲಿ ಬಂದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅವರ ಒಪ್ಪಿಗೆ ಇಲ್ಲದೆ ಈ ವಿಷಯ ಬಹಿರಂಗ ಮಾಡೋ ಹಾಗಿಲ್ಲ. ಸೋಂಕಿದೆ ಅಂತ ಕೆಲಸದಿಂದ ತೆಗೆಯೋದು, ಚಿಕಿತ್ಸೆ ನಿರಾಕರಿಸೋದು ತಪ್ಪು. ಇನ್ನೊಂದು ಮುಖ್ಯ ಮಾತು: ಒಟ್ಟಿಗೆ ಬದುಕಿದ ಮನೆಯಲ್ಲಿ ಇರೋ ಹಕ್ಕನ್ನ ಈ ಕಾಯ್ದೆ ಅವರಿಗೆ ಕೊಡುತ್ತೆ. ವಿಧವೆ ಚಿಕ್ಕಮ್ಮನನ್ನ ಮನೆಯಿಂದ ಹೊರಹಾಕೋ ಮಾತು ಬಂದಾಗ ಇದು ನೆನಪಿರಲಿ.

ಎರಡನೆಯದು, ತಟ್ಟೆ-ಲೋಟ ಬೇರೆ ಇಡೋದನ್ನ ನಿಲ್ಲಿಸೋದು. ಒಟ್ಟಿಗೆ ಉಂಡರೆ, ಮುಟ್ಟಿದರೆ, ಮೊಮ್ಮಗುವನ್ನ ಎತ್ತಿಕೊಂಡರೆ ಎಚ್‌ಐವಿ ಹರಡಲ್ಲ. ಸರಿಯಾಗಿ ಮಾತ್ರೆ ತಗೊಂಡು ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಸಿಗದ ಮಟ್ಟಕ್ಕೆ ಇಳಿದಿದ್ದರೆ ಲೈಂಗಿಕ ಸಂಪರ್ಕದಿಂದಲೂ ಹರಡಲ್ಲ.

ಮೂರನೆಯದು, ಕೇಳೋದು. ಎಆರ್‌ಟಿ ಕೇಂದ್ರಕ್ಕೆ ಹೋಗುವಾಗ ಬಿಪಿ ನೋಡಿಸಿದಿರಾ, ಶುಗರ್ ನೋಡಿಸಿದಿರಾ, ಕಿಡ್ನಿ ಪರೀಕ್ಷೆ ಆಯ್ತಾ ಅಂತ ಕೇಳಿ. ಮನೆಯಲ್ಲಿರೋ ಎಲ್ಲ ಮಾತ್ರೆಗಳ ಫೋಟೊ ತೆಗೆದು ಕೊಡಿ: ನೋವಿನದು, ಶುಗರಿನದು, ನಾಟಿ ವೈದ್ಯರದು. ಡೊಲುಟೆಗ್ರಾವಿರ್ ಜೊತೆ ಶುಗರಿನ ಮೆಟ್‌ಫಾರ್ಮಿನ್ ತಗೊಳ್ಳೋದಾದರೆ ಅದರ ಪ್ರಮಾಣಕ್ಕೆ ಮಿತಿ ಇದೆ. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳನ್ನ ಬರೀ ಹೊಟ್ಟೆಯಲ್ಲಿ ಇದರ ಜೊತೆಗೇ ನುಂಗಿದರೆ ಎಚ್‌ಐವಿ ಔಷಧ ಮೈಗೆ ಸರಿಯಾಗಿ ಹತ್ತಲ್ಲ. ಮೂಳೆಗೆ ಒಳ್ಳೇದು ಅಂತ ತಂದ ಕ್ಯಾಲ್ಸಿಯಂ ಹೀಗೆ ಎಡವಟ್ಟು ಮಾಡಬಾರದು. ಯಾವ ಹೊತ್ತಿಗೆ ಯಾವುದು ಅಂತ ಆಪ್ತಸಮಾಲೋಚಕರು ಬರೆದುಕೊಡ್ತಾರೆ, ನೀವು ಫೋನಿನಲ್ಲಿ ಅಲಾರಂ ಇಟ್ಟುಕೊಡಿ.

ನಾಲ್ಕನೆಯದು, ಗಂಡಸರಿಗೆ ಬಾಗಿಲು ತೆರೆಯೋದು. ಅಪ್ಪ, ದೊಡ್ಡಪ್ಪ, ಮಾವ ಯಾರೇ ಆಗಲಿ ತೂಕ ಇಳೀತಾ ಇದೆ, ಕೆಮ್ಮು ಎರಡು ವಾರ ದಾಟಿದೆ ಅಂದರೆ ಟಿಬಿ ಪರೀಕ್ಷೆಗೆ ಕರೆದುಕೊಂಡು ಹೋಗಿ. ಅಲ್ಲೇ ಎಚ್‌ಐವಿ ಪರೀಕ್ಷೆಯೂ ಉಚಿತವಾಗಿ ಆಗುತ್ತೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಗುಟ್ಟು ಕಾಯ್ತಾರೆ. ಮಾತಾಡೋಕೆ ಯಾರೂ ಇಲ್ಲ ಅಂದರೆ 1097ಕ್ಕೆ ಕರೆ ಮಾಡಿ. ಉಚಿತ ಸಹಾಯವಾಣಿ ಅದು, ಹೆಸರು ಹೇಳಬೇಕಾಗಿಲ್ಲ.

ಕೊನೆಯದಾಗಿ, ಅಜ್ಜಿಯನ್ನ 'ಮಾತ್ರೆ ತಗೊಂಡ್ರಾ' ಅಂತ ಕೇಳೋದರ ಜೊತೆಗೆ 'ಮೊಣಕಾಲು ಹೆಂಗೈತಿ, ನಿದ್ದೆ ಬಂತಾ' ಅಂತಲೂ ಕೇಳಿ. ಸಾವಿನ ಕಾಯಿಲೆ ಅಂತ ಹೆದರಿದ್ದ ಎಚ್‌ಐವಿಯನ್ನ ಮಾತ್ರೆ ಈಗ ಬಿಪಿ, ಶುಗರಿನ ಹಾಗೆ ದಿನಾ ನೋಡಿಕೊಳ್ಳೋ ಕಾಯಿಲೆ ಮಾಡಿದೆ. ಗಂಡಸು ಬೇಗ ಬರೋ ಹಾಗೆ, ಹೆಂಗಸು ನೋವಿಲ್ಲದೆ ಇರೋ ಹಾಗೆ ಮಾಡೋ ಕೆಲಸ ಇನ್ನೂ ಬಾಕಿ ಇದೆ. ಅದನ್ನ ಮಾಡೋ ಮಾತ್ರೆ ಯಾವ ಕೇಂದ್ರದಲ್ಲೂ ಸಿಗಲ್ಲ, ಮನೆಯಲ್ಲೇ ಆಗಬೇಕು.

ಇವತ್ತಿಗೆ ಇಷ್ಟು. ನಿಮ್ಮ ಪ್ರಶ್ನೆಗಳಿದ್ದರೆ ಕಳಿಸಿ, ಹೆಸರು ಬರೀಬೇಡಿ, ನಾವೂ ಓದಲ್ಲ. ಈ ಸಂಚಿಕೆಯನ್ನ ಮನೆಯ ಗ್ರೂಪಿಗೆ ಹಾಕೋ ಮುಂಚೆ ಒಮ್ಮೆ ಯೋಚನೆ ಮಾಡಿ: 'ಇದು ನಿಮಗೆ' ಅಂತ ಒಬ್ಬರನ್ನೇ ತೋರಿಸಿ ಹಾಕಬೇಡಿ, 'ಎಲ್ಲರೂ ಕೇಳಿ' ಅಂತ ಹಾಕಿ.